ನಿದ್ದೆಗೆ ಜಾರುವಾಗ ಬೆಚ್ಚಿಬೀಳುವುದು ಏಕೆ? ಮರದ ಮೇಲೆ ಮಲಗುತ್ತಿದ್ದ ಪೂರ್ವಜರ ಕಥೆ ಎಷ್ಟು ನಿಜ?

ಇನ್ನೇನು ನಿದ್ದೆ ಹತ್ತಬೇಕು, ಅಷ್ಟರಲ್ಲಿ ಮೆಟ್ಟಿಲು ತಪ್ಪಿ ಬಿದ್ದಂತಾಗಿ ಮೈ ಝಗ್ಗನೆ ಅದುರುತ್ತದೆ, ಎದೆ ಢವಢವ ಹೊಡೆದುಕೊಳ್ಳುತ್ತದೆ. ಈ ಅನುಭವದ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಹೃದಯ ನಿಲ್ಲುವ ಹಂತದಲ್ಲಿದ್ದಾಗ ಮೆದುಳು ಹೀಗೆ ಎಬ್ಬಿಸುತ್ತದೆ ಎನ್ನುವುದು ಒಂದು. ಮರದ ಮೇಲೆ ಮಲಗುತ್ತಿದ್ದ ಪೂರ್ವಜರಿಂದ ಬಂದ ಗುಣ ಇದು, ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ ಎನ್ನುವುದು ಇನ್ನೊಂದು.

ಮೊದಲನೆಯದು ಸುಳ್ಳು. ಎರಡನೆಯದು ಒಂದು ಊಹೆ, ಸಾಬೀತಾದ ಸಂಗತಿಯಲ್ಲ.

ಆಗುವುದೇನು?

ಇದನ್ನು ಹಿಪ್ನಿಕ್ ಜರ್ಕ್ ಎನ್ನುತ್ತಾರೆ. ಶೇ. 60ರಿಂದ 70ರಷ್ಟು ಜನರಿಗೆ ಒಂದಲ್ಲ ಒಂದು ಸಲ ಆಗುತ್ತದೆ ಎಂಬ ಅಂದಾಜಿದೆ. ಎಚ್ಚರದಿಂದ ನಿದ್ದೆಗೆ ಹೋಗುವುದು ಸ್ವಿಚ್ ಆರಿಸಿದಷ್ಟು ಸರಳವಲ್ಲ. ಮೆದುಳಿನ ಎಚ್ಚರದ ವ್ಯವಸ್ಥೆ ನಿಧಾನವಾಗಿ ಹಿಂದೆ ಸರಿಯುವಾಗ ಕೆಲವೊಮ್ಮೆ ಸ್ನಾಯುಗಳಿಗೆ ಹಠಾತ್ ಸಂಕೇತ ಹೋಗಿಬಿಡುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಹೃದಯ ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಚ್ಚಿದ್ದರಿಂದ ಎದೆಬಡಿತ ಜೋರಾಗುತ್ತದೆ, ಅಷ್ಟೇ. ಅತಿಯಾದ ದಣಿವು, ಆತಂಕ, ರಾತ್ರಿಯ ಕಾಫಿ–ಟೀ ಇದನ್ನು ಹೆಚ್ಚಿಸಬಹುದು.

ಮರದ ಕಥೆ ಎಲ್ಲಿಂದ ಬಂತು?

ಚಿಂಪಾಂಜಿ, ಒರಾಂಗುಟಾನ್‌ಗಳು ಇಂದಿಗೂ ಸಂಜೆಯಾದರೆ ಕೊಂಬೆಗಳನ್ನು ಬಗ್ಗಿಸಿ ಮರದ ಮೇಲೆ ಹಾಸಿಗೆ ಮಾಡಿಕೊಳ್ಳುತ್ತವೆ. ನಮ್ಮ ದೂರದ ಪೂರ್ವಜರೂ ಹಾಗೇ ಮಲಗುತ್ತಿದ್ದಿರಬಹುದು. ಮೈ ಸಡಿಲವಾದದ್ದನ್ನು ಮೆದುಳು 'ಬೀಳುತ್ತಿದ್ದೇನೆ' ಎಂದು ತಪ್ಪಾಗಿ ತಿಳಿದು ಎಚ್ಚರಿಸುತ್ತಿರಬಹುದು ಎಂದು ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಕೂಲಿಡ್ಜ್ ಸೂಚಿಸಿದ್ದರು. ಕೇಳಲು ಸೊಗಸಾಗಿದೆ. ಆದರೆ ಮೂಳೆಯಂತೆ ನಿದ್ದೆಯ ಅಭ್ಯಾಸ ಮಣ್ಣಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಪರೀಕ್ಷಿಸುವುದು ಕಷ್ಟ. ಕೊಂಬೆಯ ಮೇಲೆ ಮಲಗಿದವರು ಹೀಗೆ ಅದುರಿದರೆ ಬೀಳುವ ಅಪಾಯವೇ ಹೆಚ್ಚಲ್ಲವೇ ಎಂಬ ಪ್ರಶ್ನೆಯೂ ಏಳುತ್ತದೆ.

ಹಾಗಾದರೆ ಪುರಾವೆ ಇರುವುದು ಯಾವುದಕ್ಕೆ?

ನಮ್ಮ ನಿದ್ದೆಯಲ್ಲಿ ಕಾವಲಿನ ಗುರುತು ಇದೆ ಎನ್ನಲು ಇದಕ್ಕಿಂತ ಗಟ್ಟಿ ಆಧಾರಗಳಿವೆ.

ಒಂದು, ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದಿರುವುದು. ಮದುವೆಗೆಂದು ನೆಂಟರ ಮನೆಗೆ ಹೋದಾಗ ಇದು ಗೊತ್ತಾಗುತ್ತದೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ, ಮೊದಲ ರಾತ್ರಿ ಮೆದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳವಾಗಿ ನಿದ್ರಿಸಿರಲಿಲ್ಲ. ಅಪರಿಚಿತ ಸದ್ದಿಗೆ ಎಡಭಾಗವೇ ಹೆಚ್ಚು ಸ್ಪಂದಿಸುತ್ತಿತ್ತು.

ಎರಡು, ಮನೆಯವರೆಲ್ಲರ ನಿದ್ದೆಯ ಸಮಯ ಒಂದೇ ಆಗಿರದಿರುವುದು. ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವ ಹಡ್ಜಾ ಸಮುದಾಯದ 33 ವಯಸ್ಕರ ಕೈಗೆ ಗಡಿಯಾರದಂಥ ಸಾಧನ ಕಟ್ಟಿ 20 ದಿನ ಗಮನಿಸಲಾಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದದ್ದು ಇಪ್ಪತ್ತೂ ದಿನ ಸೇರಿ ಬರೀ 18 ನಿಮಿಷ. ಯಾರನ್ನೂ ಕಾವಲಿಗೆ ನಿಲ್ಲಿಸಿರಲಿಲ್ಲ. ಕಿರಿಯರು ತಡವಾಗಿ ಮಲಗುತ್ತಿದ್ದರು, ಹಿರಿಯರು ಬೇಗ ಏಳುತ್ತಿದ್ದರು, ಗುಂಪಿಗೆ ಕಾವಲು ತಾನಾಗಿ ಸಿಗುತ್ತಿತ್ತು. ನಸುಕಿಗೇ ಎದ್ದು ಕೂರುವ ಅಜ್ಜಿಯ ನಿದ್ದೆಯನ್ನು ಕಾಯಿಲೆ ಎಂದುಕೊಳ್ಳುವ ಮುನ್ನ ಇದನ್ನು ನೆನೆಯಬಹುದು.

ಮೂರು, ಹಾವಿನ ಭಯ. 1980ರ ದಶಕದ ಪ್ರಯೋಗಗಳಲ್ಲಿ, ಲ್ಯಾಬ್‌ನಲ್ಲೇ ಬೆಳೆದ ಕೋತಿಗಳಿಗೆ ಹಾವೆಂದರೆ ಭಯವೇ ಇರಲಿಲ್ಲ. ಇನ್ನೊಂದು ಕೋತಿ ಹಾವಿಗೆ ಹೆದರುವ ವಿಡಿಯೋ ನೋಡಿ ಅವೂ ಹೆದರಲು ಕಲಿತವು. ಅದೇ ಕೋತಿ ಹೂವಿಗೆ ಹೆದರುತ್ತಿರುವಂತೆ ಎಡಿಟ್ ಮಾಡಿ ತೋರಿಸಿದರೆ ಕಲಿಯಲಿಲ್ಲ. ಅಂದರೆ ಭಯ ಹುಟ್ಟಿನಿಂದ ಬರದಿದ್ದರೂ ಕೆಲವು ಭಯಗಳನ್ನು ಬೇಗ ಕಲಿಯುವ ಗುಣ ಹುಟ್ಟಿನಿಂದ ಬಂದಿರಬಹುದು.

ಇಲ್ಲಿಯೂ ಒಂದು ಮಾತು ನೆನಪಿರಲಿ: ನಿದ್ದೆ, ಭಯ ಹೀಗಿವೆ ಎಂಬುದನ್ನು ಅಳೆದು ನೋಡಲಾಗಿದೆ. ಲಕ್ಷಾಂತರ ವರ್ಷಗಳ ಹಿಂದೆ ಇಂಥದ್ದೇ ಕಾರಣಕ್ಕೆ ಹೀಗಾದವು ಎಂಬುದು ಆ ಅಳತೆಗಳ ಮೇಲೆ ಕಟ್ಟಿದ ವಾದ.

ವೈದ್ಯರನ್ನು ಯಾವಾಗ ಕಾಣಬೇಕು?

ಆಗೊಮ್ಮೆ ಈಗೊಮ್ಮೆ ಬೆಚ್ಚಿಬಿದ್ದರೆ ಚಿಕಿತ್ಸೆ ಬೇಕಿಲ್ಲ. ರಾತ್ರಿಯಿಡೀ ಮತ್ತೆ ಮತ್ತೆ ಆಗುತ್ತಿದ್ದರೆ, ನಿದ್ದೆಯಲ್ಲಿ ನಾಲಿಗೆ ಕಚ್ಚಿಕೊಂಡರೆ, ಗೊರಕೆಯ ನಡುವೆ ಉಸಿರು ಕಟ್ಟಿದಂತಾದರೆ ತೋರಿಸಿಕೊಳ್ಳಿ. ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೃದಯ ನಿಲ್ಲುತ್ತದೆ ಎಂಬ ಸಂದೇಶ ಓದಿದವರು ಭಯದಲ್ಲೇ ಮಲಗುತ್ತಾರೆ. ಆತಂಕ ಹೆಚ್ಚಿದರೆ ಬೆಚ್ಚಿಬೀಳುವುದೂ ಹೆಚ್ಚಬಹುದು, ಆಗ ಸುಳ್ಳೇ ನಿಜವೆನಿಸತೊಡಗುತ್ತದೆ. ಅದಕ್ಕೇ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ ಎನ್ನುತ್ತೇವೆ. ಮರದ ಕಥೆಯನ್ನು ಬೇಕಿದ್ದರೆ ಹಂಚಿಕೊಳ್ಳಿ, 'ಇರಬಹುದು' ಎಂಬ ಒಂದು ಪದ ಸೇರಿಸಿ.