ಕಿವಿಯೊಳಗಿನ ಜೀರುಂಡೆ

ಆರೋಗ್ಯ ವಿಚಾರ

ರಾತ್ರಿ ಹತ್ತು ಗಂಟೆ ಕಳೆದಿದೆ. ಬೀದಿಯ ಸದ್ದು ಅಡಗಿದೆ. ಮನೆಯ ದೀಪಗಳು ಆರಿವೆ. ಹಗಲೆಲ್ಲ ದುಡಿದು ದಣಿದ ಗೃಹಸ್ಥರು ಹಾಸಿಗೆಯ ಮೇಲೆ ಮೈಚೆಲ್ಲಿ ಕಣ್ಣು ಮುಚ್ಚುವರು. ಆ ಕ್ಷಣವೇ ಕಿವಿಯೊಳಗೆ ಜೀರುಂಡೆಯ ಕೂಗು ಮೊದಲಾಗುವುದು. ಎದ್ದು ಕಿಟಕಿಯನ್ನು ಮುಚ್ಚಿದರೂ ಅದು ನಿಲ್ಲದು. ದಿಂಬಿಗೆ ಕಿವಿಯನ್ನು ಒತ್ತಿಕೊಂಡರೆ ಇನ್ನಷ್ಟು ಹೆಚ್ಚುವುದು. ಪಕ್ಕದಲ್ಲಿ ಮಲಗಿದವರನ್ನು ಕೇಳಿದರೆ, “ಯಾವ ಸದ್ದೂ ಇಲ್ಲವಲ್ಲ!” ಎನ್ನುವರು. ಹೊರಗೆಲ್ಲಿಯೂ ಇಲ್ಲದ, ತನಗೊಬ್ಬನಿಗೇ ಕೇಳುವ ಈ ಶಬ್ದದೊಡನೆ ಹೋರಾಡುತ್ತ ಬೆಳಗು ಮಾಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಇದಕ್ಕೆ ಕರ್ಣನಾದವೆಂದು ಹೆಸರು. ಇಂದಿನ ವೈದ್ಯರು ಟಿನ್ನಿಟಸ್ ಎನ್ನುವರು. ಇದು ಹೊಸ ಕಾಲದ ತೊಂದರೆಯೇನೂ ಅಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ 28 ಕರ್ಣರೋಗಗಳಲ್ಲಿ ಇದೂ ಸೇರಿದೆ. ಭೇರಿ, ಮೃದಂಗ, ಶಂಖಗಳ ಧ್ವನಿ ಕೇಳಿದಂತಾಗುವುದೆಂದು ಮಾಧವನಿದಾನವು ಇದರ ಲಕ್ಷಣವನ್ನು ಹೇಳುತ್ತದೆ. ಇಂದಿನ ರೋಗಿಯು ಕುಕ್ಕರಿನ ಸಿಳ್ಳು, ದೂರದ ಪಂಪುಸೆಟ್ಟಿನ ಮೊರೆತ, ಜೀರುಂಡೆಯ ಕೂಗು ಎಂದು ವರ್ಣಿಸುವನು. ಹೋಲಿಕೆ ಬದಲಾಗಿದೆ, ಕಾಟ ಒಂದೇ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿ ಇದನ್ನು ಅನುಭವಿಸಿರುವರು. ನೂರಕ್ಕೆ ಸುಮಾರು 2 ಮಂದಿಗೆ ಅದು ತೀವ್ರವಾದ ಬಾಧೆಯಾಗಿದೆ. ಆದುದರಿಂದ, ತನಗೆ ಬುದ್ಧಿಭ್ರಮಣೆಯಾಗುತ್ತಿದೆಯೋ ಏನೋ ಎಂದು ಯಾರೂ ಒಳಗೊಳಗೇ ಅಂಜಬೇಕಾದುದಿಲ್ಲ.

ಇಂಥವರ ಅಲೆದಾಟ ಸಾಮಾನ್ಯವಾಗಿ ಒಂದೇ ಬಗೆಯದು. ಮೊದಲು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ಆಮೇಲೆ ಅಂಗಡಿಯ ತೊಟ್ಟುಮದ್ದು. ಅನಂತರ ನರಕ್ಕೆ ಬಲ ಬರುವುದೆಂದು ಯಾರೋ ಹೇಳಿದ ಗುಳಿಗೆಗಳು. ಕೊನೆಗೆ ತಜ್ಞರ ಬಳಿಗೆ ಹೋದಾಗ, “ಇದಕ್ಕೆ ಮದ್ದಿಲ್ಲ, ಹೊಂದಿಕೊಂಡು ಹೋಗಿರಿ” ಎಂಬ ಮಾತು ಕೇಳಿ ಕುಗ್ಗಿ ಮನೆಗೆ ಮರಳುವರು. ಕಿವಿಮೊರೆತವನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ದೊರೆತಿಲ್ಲವೆಂಬುದು ನಿಜ. ಆದರೆ ಮದ್ದಿಲ್ಲವೆಂದ ಮಾತ್ರಕ್ಕೆ ಉಪಾಯವಿಲ್ಲವೆಂದು ತಿಳಿಯಬಾರದು. ಈ ಮೊರೆತವುಳ್ಳವರಲ್ಲಿ ಬಹುಮಂದಿಗೆ ಕೇಳುವ ಶಕ್ತಿಯೂ ಸ್ವಲ್ಪಮಟ್ಟಿಗೆ ಕುಂದಿರುತ್ತದೆ. ಅನೇಕರಿಗೆ ಅದರ ಅರಿವೇ ಇರುವುದಿಲ್ಲ. ಅಂಥವರು ಮೊದಲು ಯೋಚಿಸಬೇಕಾದ ಉಪಾಯವೆಂದರೆ ಶ್ರವಣಯಂತ್ರ.

ಸದ್ದಿನಿಂದ ಬೇಸತ್ತವನಿಗೆ ಸದ್ದನ್ನು ಹೆಚ್ಚಿಸುವ ಯಂತ್ರವೇ? ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗದೇ? ಈ ಶಂಕೆ ಸಹಜ. ಮೊರೆತ ಹುಟ್ಟುವ ಬಗೆಯನ್ನು ತಿಳಿದರೆ ಶಂಕೆ ತಾನಾಗಿ ಪರಿಹಾರವಾಗುವುದು.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿಕೊಂಡ ಒಂದು ಪುಟ್ಟ ಅಂಗವುಂಟು. ಅದರಲ್ಲಿ ಒಳಸಾಲಿನ ಸುಮಾರು 3,500, ಹೊರಸಾಲಿನ ಸುಮಾರು 12,000 ಸೂಕ್ಷ್ಮ ರೋಮಕೋಶಗಳಿವೆ. ಗಾಳಿಯ ಅಲೆಗಳನ್ನು ನರದ ಸಂದೇಶಗಳನ್ನಾಗಿ ಮಾರ್ಪಡಿಸಿ ಮೆದುಳಿಗೆ ಕಳುಹಿಸುವುದು ಅವುಗಳ ಕೆಲಸ. ಸುರುಳಿಯ ಬಾಯಲ್ಲಿರುವ ಕೋಶಗಳು ತಾರಸ್ವರಗಳನ್ನೂ, ತುದಿಯಲ್ಲಿರುವವು ಮಂದ್ರಸ್ವರಗಳನ್ನೂ ಗ್ರಹಿಸುತ್ತವೆ. ವಯಸ್ಸು, ಗಿರಣಿಯ ಗದ್ದಲ, ಪಟಾಕಿಯ ಸಿಡಿತ, ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಅಬ್ಬರದ ಸಂಗೀತ, ಕೆಲವು ಔಷಧಗಳು—ಇವುಗಳಿಂದ ಈ ಕೋಶಗಳು ನಶಿಸುತ್ತವೆ. ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ತಾರಸ್ವರದ ಭಾಗ. ಒಮ್ಮೆ ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಆಗ ಮೆದುಳು ಏನು ಮಾಡುತ್ತದೆ? ದೂರದ ನಿಲಯ ಸರಿಯಾಗಿ ಸಿಕ್ಕದಿದ್ದಾಗ ರೇಡಿಯೋದ ಗುಂಡಿಯನ್ನು ತಿರುಗಿಸಿ ಶಬ್ದ ಹೆಚ್ಚಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಹಾಡು ಬರುವುದಿಲ್ಲ, ಬುಸುಗುಟ್ಟುವ ಸದ್ದು ಮಾತ್ರ ಜೋರಾಗುವುದು. ಬರಬೇಕಾದ ಸಂದೇಶಗಳು ಬಾರದಿರಲು, ಮೆದುಳಿನ ಶ್ರವಣಮಾರ್ಗವೂ ಹೀಗೆಯೇ ತನ್ನ ಗ್ರಹಣವನ್ನು ಏರಿಸಿಕೊಳ್ಳುವುದೆಂದು ಇಂದಿನ ವಿಜ್ಞಾನಿಗಳಲ್ಲಿ ಬಹುಮಂದಿಯ ಅಭಿಪ್ರಾಯ. ನರಗಳಲ್ಲಿ ಸದಾ ಇರುವ ಅಲ್ಪ ಚಟುವಟಿಕೆಯೇ ಆಗ ನಾದವಾಗಿ ಕೇಳತೊಡಗುವುದು. ಬೇರೆ ಕಾರಣಕ್ಕಾಗಿ ಶ್ರವಣನರವನ್ನೇ ಕತ್ತರಿಸಿದ ರೋಗಿಗಳಲ್ಲಿ ಅನೇಕರಿಗೆ ಮೊರೆತ ಉಳಿದುಕೊಂಡಿದೆಯೆಂಬ ಸಂಗತಿ ಈ ಅಭಿಪ್ರಾಯಕ್ಕೆ ಬಲ ಕೊಡುತ್ತದೆ. ಕಿವಿಗೆ ಹಾಕಿದ ಎಣ್ಣೆ ಮೆದುಳನ್ನು ಮುಟ್ಟುವುದಾದರೂ ಹೇಗೆ?

ಇನ್ನೊಂದು ಪರೀಕ್ಷೆಯನ್ನು ಇಲ್ಲಿ ಹೇಳಬೇಕು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕದ ಸಂಶೋಧಕರಿಬ್ಬರು, ಕಿವಿ ಚೆನ್ನಾಗಿದ್ದ 80 ಮಂದಿಯನ್ನು ಒಬ್ಬೊಬ್ಬರಾಗಿ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸಿತೆಂದು ವಿಚಾರಿಸಿದರು. ನೂರಕ್ಕೆ 94 ಮಂದಿ ಏನಾದರೊಂದು ನಾದ ಕೇಳಿಸಿತೆಂದರು. ನಿಶ್ಶಬ್ದವು ಆರೋಗ್ಯವಂತನಿಗೂ ಒಳದನಿಯನ್ನು ಕೇಳಿಸುವುದಾದರೆ, ಮೊರೆತದ ರೋಗಿಯು ಕಿವಿಗೆ ಹತ್ತಿಯಿಟ್ಟುಕೊಂಡು ಬಾಗಿಲು ಮುಚ್ಚಿ ಕೂರುವುದರಿಂದ ಆಗುವ ಹಾನಿ ಎಷ್ಟಿರಬೇಡ! ಅಮಾವಾಸ್ಯೆಯ ಕತ್ತಲಲ್ಲಿ ಮಿಣುಕುಹುಳು ಕಣ್ಣಿಗೆ ರಾಚುವುದು. ದೀಪ ಹೊತ್ತಿಸಿದ ಕೋಣೆಯಲ್ಲಿ ಅದೇ ಹುಳುವನ್ನು ಹುಡುಕಬೇಕಾಗುವುದು. ಶ್ರವಣಯಂತ್ರವು ಕಿವಿಗೆ ಹೊತ್ತಿಸಿದ ದೀಪ.

ಈ ತತ್ತ್ವ ಹಳೆಯದು. ಕಿವಿಯ ಮೊರೆತವು ಹೊರಗೆ ಸದ್ದು ಮಾಡಿದರೆ ನಿಲ್ಲುವುದೇಕೆ ಎಂಬ ಪ್ರಶ್ನೆ, ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಗ್ರೀಕ್ ಗ್ರಂಥವೊಂದರಲ್ಲಿಯೇ ಇದೆ. ಕಿವಿಯ ರೋಗಗಳನ್ನು ಕುರಿತು 1821ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಪ್ಯಾರಿಸಿನ ವೈದ್ಯ ಇಟಾರ್, ಮೊರೆತದ ಬಗೆಗೆ ತಕ್ಕಂತೆ ಹೊರಗಿನ ಸದ್ದನ್ನು ಗೊತ್ತುಮಾಡುತ್ತಿದ್ದನು. ಭೋರ್ಗರೆಯುವ ಮೊರೆತಕ್ಕೆ ಧಗಧಗಿಸುವ ಬೆಂಕಿಯ ಸದ್ದು. ಬುಸುಗುಟ್ಟುವ ಮೊರೆತಕ್ಕೆ ಹಸಿಕಟ್ಟಿಗೆಯ ಉರಿ. ಗಂಟೆಯಂತೆ ನುಡಿಯುವ ಮೊರೆತಕ್ಕೆ, ನಮ್ಮ ಶಿವಾಲಯಗಳ ಧಾರಾಪಾತ್ರೆಯನ್ನು ನೆನಪಿಗೆ ತರುವಂತೆ, ಸಣ್ಣ ತೂತಿನ ಪಾತ್ರೆಯಿಂದ ತಾಮ್ರದ ಬೋಗುಣಿಗೆ ಹನಿಯುವ ನೀರು. ವಿದ್ಯುತ್ತಿನ ಶ್ರವಣಯಂತ್ರಗಳು ಬಳಕೆಗೆ ಬಂದಮೇಲೆ, 1947ರಲ್ಲಿ ಸಾಲ್ಟ್ಸ್‌ಮನ್ ಮತ್ತು ಅರ್ಸ್ನರ್ ಎಂಬ ಅಮೆರಿಕದ ವೈದ್ಯರು, ಯಂತ್ರ ಧರಿಸಿದ ರೋಗಿಗಳ ಮೊರೆತ ತಗ್ಗಿದುದನ್ನು ಪ್ರಕಟಿಸಿದರು. 1970ರ ದಶಕದಲ್ಲಿ ಒರೆಗಾನಿನ ಜ್ಯಾಕ್ ವರ್ನನ್ ಎಂಬ ಸಂಶೋಧಕನು, ಪೋರ್ಟ್‌ಲೆಂಡ್ ನಗರದ ಕಾರಂಜಿಯೊಂದರ ಬಳಿ ನಿಂತಾಗ ತನ್ನ ಜೊತೆಗಾರನಿಗೆ ಮೊರೆತ ಕೇಳದೆಹೋದುದನ್ನು ಕಂಡು, ಮಂದವಾದ ಸದ್ದು ಹೊರಡಿಸುವ ಉಪಕರಣಗಳನ್ನು ಕಿವಿಗೆ ಜೋಡಿಸುವ ಕ್ರಮವನ್ನು ಬೆಳೆಸಿದನು.

ಶ್ರವಣಯಂತ್ರದಿಂದ ಆಗುವ ಉಪಕಾರ ಮೂರು ವಿಧ. ಎಲೆಗಳ ಮರ್ಮರ, ನಲ್ಲಿಯ ಹನಿ, ಬಳೆಯ ಕಿಣಿಕಿಣಿ ಮೊದಲಾಗಿ ಕಿವಿ ಕಳೆದುಕೊಂಡಿದ್ದ ಮೆಲುದನಿಗಳು ಮರಳಿ ಬರುವುದು ಮೊದಲನೆಯದು. ಅವುಗಳ ನಡುವೆ ಮೊರೆತ ಹಿಂದೆ ಸರಿಯುವುದು. ಸಂದೇಶಗಳು ಹೆಚ್ಚಿದುದರಿಂದ ಮೆದುಳು ಏರಿಸಿಕೊಂಡ ಗ್ರಹಣವನ್ನು ಇಳಿಸುವುದಕ್ಕೆ ಅವಕಾಶವಾಗುವುದೆಂಬ ನಿರೀಕ್ಷೆ ಎರಡನೆಯದು. ಮೂರನೆಯದನ್ನು ಜನ ಗಮನಿಸುವುದು ಕಡಮೆ. ಕಿವಿ ಮಂದವಾದವನು ದಿನವಿಡೀ ಇತರರ ತುಟಿ ನೋಡಿ, ಅರ್ಧ ಕೇಳಿ, ಅರ್ಧ ಊಹಿಸಿ ದಣಿಯುತ್ತಾನೆ. ದಣಿದ ಮನಸ್ಸಿಗೆ ಮೊರೆತ ಜೋರಾಗುವುದು. ಮೊರೆತದಿಂದ ನಿದ್ರೆ ಕೆಡುವುದು. ನಿದ್ರೆಗೆಟ್ಟರೆ ಮರುದಿನ ದಣಿವು ಇನ್ನೂ ಹೆಚ್ಚು. ಕೇಳುವ ಶ್ರಮ ತಗ್ಗಿದರೆ ಈ ವಿಷಚಕ್ರದ ಒಂದು ಕೊಂಡಿ ಕಳಚಿದಂತಾಗುವುದು.

ಯಂತ್ರವನ್ನು ಕೊಂಡ ಮಾತ್ರಕ್ಕೆ ಫಲ ದೊರೆಯದು, ಜೋಡಣೆಯೇ ಮುಖ್ಯ. ಶ್ರವಣತಜ್ಞರು ಪರೀಕ್ಷೆಯ ನಕ್ಷೆಯನ್ನು ನೋಡಿ, ಯಾವ ಸ್ವರದಲ್ಲಿ ಎಷ್ಟು ನಷ್ಟವೋ ಅಷ್ಟನ್ನು ಮಾತ್ರ ತುಂಬಬೇಕು. ಮಂದ್ರಸ್ವರಗಳು ಚೆನ್ನಾಗಿ ಕೇಳುವವರಿಗೆ ಕಿವಿಯ ಬಾಯನ್ನು ಪೂರ್ತಿ ಮುಚ್ಚುವ ಬಿರಡೆ ಸಲ್ಲದು. ಮುಚ್ಚಿದರೆ ಹೊರಸದ್ದು ತಡೆದು ಮೊರೆತ ಎದ್ದು ಕೇಳುವುದು. ಅಂಥವರಿಗೆ ಗಾಳಿಯಾಡುವ ತೆರೆದ ತುದಿಯೇ ಒಳ್ಳೆಯದು. ಸುತ್ತಲಿನ ಮೆಲುಸದ್ದನ್ನು ಅಡಗಿಸುವ ಏರ್ಪಾಡು ಇಂದಿನ ಯಂತ್ರಗಳಲ್ಲಿ ಇರುತ್ತದೆ. ಮೊರೆತದ ರೋಗಿಗೆ ಆ ಮೆಲುಸದ್ದೇ ಬೇಕಾದುದರಿಂದ, ಶಾಂತವಾದ ಸ್ಥಳಗಳಲ್ಲಿ ಅದನ್ನು ತಗ್ಗಿಸಿಕೊಡುವಂತೆ ತಜ್ಞರನ್ನು ಕೇಳಬಹುದು. ಎರಡು ಕಿವಿಗಳಲ್ಲಿಯೂ ನಷ್ಟವಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಯಂತ್ರ ಬೇಕು. ಜೋಡಣೆಯೊಂದೇ ಸಾಲದಿದ್ದರೆ, ಮಳೆಯಂಥ ಮೃದುವಾದ ಸದ್ದನ್ನು ತಾನೇ ಹೊರಡಿಸುವ ಯಂತ್ರಗಳೂ ಉಂಟು. ಆ ಸದ್ದು ಮೊರೆತವನ್ನು ಪೂರ್ತಿ ಮುಳುಗಿಸಬೇಕಾಗಿಲ್ಲ. ಅದಕ್ಕಿಂತ ತುಸು ಕೆಳಗಿದ್ದು ಅದರೊಡನೆ ಬೆರೆತರೆ ಸಾಕು.

ಧರಿಸುವವರಿಗೂ ತಾಳ್ಮೆ ಬೇಕು. ಮೊದಲ ದಿನಗಳಲ್ಲಿ ತಟ್ಟೆಯ ಸದ್ದು ಸಿಡಿಲಿನಂತೆ ಕೇಳುವುದು; ತನ್ನ ದನಿಯೇ ಪರಕೀಯವೆನಿಸುವುದು. ಇದರಿಂದ ಬೇಸರಗೊಂಡು ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರು ಎಷ್ಟೋ ಮಂದಿ. ದಿನಕ್ಕೆ ಕೆಲವು ಗಂಟೆಗಳಿಂದ ಮೊದಲುಮಾಡಿ, ಎಚ್ಚರವಾಗಿರುವಷ್ಟು ಹೊತ್ತೂ ಧರಿಸುವ ರೂಢಿಯನ್ನು ಬೆಳೆಸಿಕೊಳ್ಳಬೇಕು. ಫಲವನ್ನು ವಾರಗಳಲ್ಲಿ, ತಿಂಗಳುಗಳಲ್ಲಿ ಅಳೆಯಬೇಕು. ರಾತ್ರಿ ಯಂತ್ರ ತೆಗೆದಿಟ್ಟಾಗ, ಫ್ಯಾನಿನ ಸದ್ದೋ ಮೆಲ್ಲಗೆ ಹರಿಯುವ ಸಂಗೀತವೋ ಕೋಣೆಯಲ್ಲಿದ್ದರೆ ನಿದ್ರೆಗೆ ಅನುಕೂಲ.

ಇಷ್ಟು ಹೇಳಿದಮೇಲೆ, ಇದರ ಮಿತಿಯನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುವುದು. ಕಾಕ್ರೇನ್ ಸಂಸ್ಥೆಯವರು 2018ರಲ್ಲಿ 590 ಮಂದಿ ಪಾಲ್ಗೊಂಡಿದ್ದ 8 ಅಧ್ಯಯನಗಳನ್ನು ಒರೆಹಚ್ಚಿ ನೋಡಿದರು. ಯಂತ್ರ ಧರಿಸಿದವರ ಬಾಧೆ ತಗ್ಗಿದುದು ಕಂಡುಬಂದರೂ, ಒಂದು ಬಗೆಯ ಯಂತ್ರ ಇನ್ನೊಂದಕ್ಕಿಂತ ಮೇಲೆಂದಾಗಲಿ, ಯಂತ್ರವಿಲ್ಲದ ಚಿಕಿತ್ಸೆಗಿಂತ ಯಂತ್ರವೇ ಮೇಲೆಂದಾಗಲಿ ಸಿದ್ಧಪಡಿಸುವಷ್ಟು ಆಧಾರ ಸಿಕ್ಕಲಿಲ್ಲ. ಆದುದರಿಂದ, ‘ಮೊರೆತ ನಿವಾರಕ’ವೆಂದು ಹೆಸರಿಟ್ಟು ದುಬಾರಿ ಬೆಲೆ ಹೇಳುವ ವ್ಯಾಪಾರಿಯ ಮುಂದೆ ಕೈಚೀಲ ಬಿಚ್ಚಲು ಅವಸರ ಬೇಡ. ಬ್ರಿಟನ್ನಿನ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿ ವಿವೇಕಯುತವಾಗಿದೆ: ಮೊರೆತದೊಡನೆ, ಸಂಭಾಷಣೆಗೆ ತೊಡಕಾಗುವಷ್ಟು ಶ್ರವಣನಷ್ಟವುಳ್ಳವರಿಗೆ ಯಂತ್ರವನ್ನು ಕೊಡಬೇಕು, ನಷ್ಟವಿದ್ದು ತೊಡಕಿಲ್ಲದವರ ವಿಷಯದಲ್ಲಿ ಪರಿಶೀಲಿಸಬಹುದು, ನಷ್ಟವೇ ಇಲ್ಲದವರಿಗೆ ಕೊಡಬಾರದು. ಮೊರೆತಕ್ಕಿಂತ ಅದರ ಚಿಂತೆಯೇ ಹೆಚ್ಚು ಕಾಡುವವರಿಗೆ, ಯೋಚನೆಯ ಕ್ರಮವನ್ನು ತಿದ್ದುವ ಮನೋಚಿಕಿತ್ಸೆಯಿಂದ ಪ್ರಯೋಜನವುಂಟು.

ಯಂತ್ರದ ಅಂಗಡಿಗೆ ಮುನ್ನ ವೈದ್ಯರ ಬಳಿಗೆ ಹೋಗುವುದು ಅವಶ್ಯ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯೇ ಮೊರೆತಕ್ಕೆ ಕಾರಣವಾಗಿರುವುದು. ಅದನ್ನು ತೆಗೆದರೆ ತೊಂದರೆ ಮುಗಿಯಿತು. ಹೆಚ್ಚು ಪ್ರಮಾಣದ ಆಸ್ಪಿರಿನ್, ಕ್ವಿನೈನ್ ಮೊದಲಾದ ಔಷಧಗಳಿಂದಲೂ ಮೊರೆತ ಬರುವುದುಂಟು. ಒಂದೇ ಕಿವಿಯ ಮೊರೆತ, ನಾಡಿಯ ಬಡಿತಕ್ಕೆ ಸರಿಯಾಗಿ ಮಿಡಿಯುವ ಮೊರೆತ, ತಲೆಸುತ್ತು, ಕಿವಿಸೋರಿಕೆ, ಮುಖದ ಒಂದು ಭಾಗದ ನಿಶ್ಶಕ್ತಿ—ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತಜ್ಞರಿಗೆ ತೋರಿಸಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು ಚಿಕಿತ್ಸೆಯ ವಿಷಯ. ದಿನಗಳು ಕಳೆದಂತೆ ಗುಣವಾಗುವ ಆಸೆ ಕ್ಷೀಣಿಸುವುದು.

ಇಷ್ಟೆಲ್ಲ ತಿಳಿದರೂ ಅನೇಕರನ್ನು ತಡೆಯುವುದು ನಾಚಿಕೆ. ಬೀಥೋವನ್ ಎಂಬ ಜರ್ಮನ್ ಸಂಗೀತಗಾರನ ಕಥೆ ಇದಕ್ಕೆ ಉದಾಹರಣೆ. 1801ರ ಜೂನ್ 29ರಂದು, ತನಗಾಗ ಮೂವತ್ತರ ಪ್ರಾಯ, ವೈದ್ಯ ಮಿತ್ರ ವೆಗೆಲರನಿಗೆ ಅವನು ಬರೆದ ಪತ್ರ ಉಳಿದಿದೆ. ಹಗಲಿರುಳೂ ಕಿವಿ ಮೊರೆಯುತ್ತಿದೆಯೆಂದೂ, ಬಾದಾಮಿ ಎಣ್ಣೆ ಹಾಕಿಸಿ ಫಲ ಕಾಣಲಿಲ್ಲವೆಂದೂ, ತಾನು ಕಿವುಡನೆಂದು ಜನರಿಗೆ ಹೇಳಲಾರದೆ ಸುಮಾರು ಎರಡು ವರ್ಷಗಳಿಂದ ಸಭೆಸಮಾರಂಭಗಳನ್ನೇ ತೊರೆದಿರುವೆನೆಂದೂ ಅದರಲ್ಲಿ ತೋಡಿಕೊಂಡಿದ್ದಾನೆ. ಅವನ ಕಾಲದಲ್ಲಿ ಹೆಚ್ಚೆಂದರೆ ಲೋಹದ ತುತ್ತೂರಿಯನ್ನು ಕಿವಿಗೆ ಹಿಡಿಯಬಹುದಾಗಿತ್ತು. ಮುಂದೆ ಅವನೂ ಹಿಡಿದನು. ಇಂದು ಕಿವಿಯ ಹಿಂದೆ ಅಡಗುವಷ್ಟು ಪುಟ್ಟ ಯಂತ್ರವಿದ್ದರೂ, ಮದುವೆಮನೆಗೆ ಹೋಗುವುದನ್ನು ಬಿಟ್ಟು, ಮೊಮ್ಮಕ್ಕಳ ಮಾತಿಗೆ ಸುಮ್ಮನೆ ತಲೆಯಾಡಿಸುತ್ತ, ಮೊರೆತವೊಂದನ್ನೇ ಸಂಗಾತಿಯನ್ನಾಗಿ ಮಾಡಿಕೊಂಡು ಮೂಲೆ ಹಿಡಿದ ಹಿರಿಯರಿದ್ದಾರೆ. ಕನ್ನಡಕ ಹಾಕಿಕೊಂಡವನನ್ನು ಯಾರೂ ಕುರುಡನೆನ್ನುವುದಿಲ್ಲ. ಯಂತ್ರ ಧರಿಸಿದವನನ್ನು ಕಿವುಡನೆಂದು ಆಡಿಕೊಳ್ಳುವ ಬಾಯಿಗಳು ಮಾತ್ರ ಇನ್ನೂ ಮುಚ್ಚಿಲ್ಲ. ಇದು ನಾವೆಲ್ಲರೂ ತಿದ್ದಿಕೊಳ್ಳಬೇಕಾದ ವಿಷಯ.

ಶ್ರವಣಪರೀಕ್ಷೆಗೆ ನೋವಿಲ್ಲ, ಹಿಡಿಯುವ ಹೊತ್ತೂ ಹೆಚ್ಚಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ, ದೊಡ್ಡ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗಗಳಲ್ಲಿಯೂ ಈ ಪರೀಕ್ಷೆಯನ್ನು ಮಾಡುವರು. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಕಿವಿಯಲ್ಲಿ ಸದ್ದೆಂದು ಹೇಳಿದರೆ, ‘ಅದೆಲ್ಲ ಭ್ರಮೆ’ ಎಂದು ಅವರ ಬಾಯಿ ಮುಚ್ಚಿಸಬೇಡಿರಿ. ಅವರ ಎದುರಿಗೆ ಕುಳಿತು, ನಿಧಾನವಾಗಿ ಮಾತನಾಡಿ, ಒಮ್ಮೆ ಪರೀಕ್ಷೆಗೆ ಕರೆದುಕೊಂಡು ಹೋಗಿರಿ. ಮೊರೆತ ಪೂರ್ತಿ ನಿಲ್ಲುವುದೆಂದು ಮಾತ್ರ ಮಾತು ಕೊಡಬೇಡಿರಿ. ಅದಕ್ಕಿಂತ ಇಂಪಾದ ಸದ್ದುಗಳು ಮತ್ತೆ ಕೇಳುವಂತಾಗಬಹುದೆಂದು ಧಾರಾಳವಾಗಿ ಹೇಳಬಹುದು.