ಜಲ್ಲಿ ತೆಗೆದ ಗುಂಡಿಯಲ್ಲಿ ಕೆರೆ

ಇಂಗ್ಲೆಂಡಿನಲ್ಲಿ, ಥೇಮ್ಸ್ ನದಿ ಇನ್ನೂ ಹಳ್ಳದಂತಿರುವ ಕಡೆ, 150ಕ್ಕೂ ಹೆಚ್ಚು ಕೆರೆಗಳ ಒಂದು ಸಮೂಹವಿದೆ. ಹೆಸರು ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್. ಯಾರೂ ಒಡ್ಡು ಕಟ್ಟಿ ನಿಲ್ಲಿಸಿದ ನೀರಲ್ಲ ಅದು. 20ನೇ ಶತಮಾನದಲ್ಲಿ ಅಲ್ಲಿ ಜಲ್ಲಿಗಾಗಿ ನೆಲ ಅಗೆದರು. ಅಂತರ್ಜಲ ಮೇಲೆಯೇ ಇದ್ದುದರಿಂದ ಪಂಪಿನಿಂದ ನೀರೆತ್ತುತ್ತಲೇ ಅಗೆಯಬೇಕಿತ್ತು. ಪಂಪು ನಿಂತ ಮೇಲೆ ಸುತ್ತಲಿನ ನೀರು ಒಸರಿ ಗುಂಡಿಗಳು ತುಂಬಿದವು.

ಇಲ್ಲೊಂದು ಸ್ವಾರಸ್ಯವಿದೆ. ನೆಲದೊಳಗಿನ ನೀರಿನ ಮಟ್ಟ ಇಳಿಜಾರಾಗಿರುತ್ತದೆ. ಕೆರೆಯ ಮಟ್ಟವೋ ಸಮತಟ್ಟು! ಹೀಗಾಗಿ ಉದ್ದನೆಯ ಗುಂಡಿ ತುಂಬಿದಾಗ ಅದರ ಮೇಲ್ಬದಿಯಲ್ಲಿ ಅಂತರ್ಜಲ ಇಳಿಯುತ್ತದೆ, ಕೆಳಬದಿಯಲ್ಲಿ ಏರುತ್ತದೆ. ಮೇಲಿನವರ ಬಾವಿ ಬತ್ತಬಹುದು, ಕೆಳಗಿನವರ ಹೊಲ ಜೌಗಾಗಬಹುದು. ಜೇಡಿಮಣ್ಣು ತುಂಬಿ ಮುಚ್ಚಿದರೆ ಇದಕ್ಕೆ ತದ್ವಿರುದ್ಧ: ಹರಿವಿಗೆ ಗೋಡೆ ಅಡ್ಡ ಬಂದಂತಾಗಿ ಮೇಲ್ಬದಿಯಲ್ಲೇ ನೀರು ಏರುತ್ತದೆ. ಆದ್ದರಿಂದ ಒಂದೇ ದೊಡ್ಡ ಗುಂಡಿಗಿಂತ, ನಡುನಡುವೆ ಅಗೆಯದ ಜಲ್ಲಿಯ ಪಟ್ಟಿ ಬಿಟ್ಟ ಸಣ್ಣ ಗುಂಡಿಗಳೇ ಮೇಲು.

ಊರಿನ ಕಸ ಸುರಿದು ಮುಚ್ಚೋಣ ಎನ್ನುವವರು ಎಲ್ಲೆಡೆ ಇದ್ದಾರೆ. ಆದರೆ ನೀರು ಸೋಸಲು ಮೇಲ್ಮಣ್ಣೇ ಉಳಿದಿಲ್ಲವಲ್ಲ! ಪಾರದರ್ಶಕ ಡಬ್ಬಿಗೆ ಜಲ್ಲಿ ಹಾಕಿ, ಅರ್ಧದವರೆಗೆ ನೀರು ತುಂಬಿ, ನಡುವೆ ಗುಂಡಿ ತೋಡಿ. ಅಪ್ಪ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಗುಂಡಿಯ ನೀರಿಗೆ ನಾಲ್ಕು ಹನಿ ಶಾಯಿ ಬಿಟ್ಟು, ಬಣ್ಣ ಎಲ್ಲಿಯವರೆಗೆ ಹೋಗುತ್ತದೆಂದು ನೋಡಿ.