ಡಬ್ಬಿಯ ಹಿಂಬದಿ

ಉತ್ತರ ಬರೆಯುವ ಮೊದಲು ಪ್ರಶ್ನೆಯನ್ನು ಪೂರ್ತಿ ಓದಿರಿ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಮಾತನ್ನು ನಾನೇ ಮರೆತ ಪ್ರಸಂಗವೊಂದನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

ಪ್ಯಾರಾಬೆನ್ ಎಂಬ ಸಂರಕ್ಷಕದಿಂದ ಕ್ಯಾನ್ಸರ್ ಬರುತ್ತದೆಂದು ಎಲ್ಲೋ ಓದಿ, ಅಕ್ಕ ಬಹುಕಾಲದಿಂದ ಹಚ್ಚುತ್ತಿದ್ದ ಕ್ರೀಮನ್ನು ಕೆಲವು ವರ್ಷಗಳ ಹಿಂದೆ ನಾನು ಎಸೆಯಿಸಿದೆ. 'ಪ್ಯಾರಾಬೆನ್ ರಹಿತ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಬೇರೊಂದನ್ನು ತಂದುಕೊಟ್ಟೆ. ತಿಂಗಳು ಕಳೆಯುವಷ್ಟರಲ್ಲಿ ಅವಳ ಕಣ್ಣುರೆಪ್ಪೆಗಳು ಊದಿಕೊಂಡವು, ಕೆನ್ನೆ ಕೆಂಪಾಗಿ ಉರಿಯತೊಡಗಿತು. ಚರ್ಮವೈದ್ಯರು ಬೆನ್ನಿಗೆ ಪಟ್ಟಿಗಳನ್ನಂಟಿಸಿ, ಎರಡು ದಿನಗಳ ಬಳಿಕ ತೆಗೆದು ಪರೀಕ್ಷಿಸಿ ಹೇಳಿದ ಹೆಸರು ಮೀಥೈಲ್‌ಐಸೊಥಯಾಜೊಲಿನೋನ್. ಹೊಸ ಕ್ರೀಮಿನಲ್ಲಿ ಪ್ಯಾರಾಬೆನ್ನಿನ ಜಾಗದಲ್ಲಿದ್ದ ಸಂರಕ್ಷಕ ಅದೇ.

ಆಮೇಲೆ ಕುಳಿತು ಓದಿದೆ. ನೀರಿನಂಶವಿರುವ ಕ್ರೀಮಿಗೆ ಸಂರಕ್ಷಕವಿಲ್ಲದಿದ್ದರೆ ಬೂಷ್ಟು, ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಒಂದನ್ನು ಬಿಟ್ಟರೆ ಇನ್ನೊಂದು ಬೇಕು. ಪ್ಯಾರಾಬೆನ್ ಭಯವನ್ನು ಹೆಚ್ಚಿಸಿದ್ದು 2004ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರ ಅಧ್ಯಯನ. 20 ಸ್ತನಗಂತಿಗಳ ಮಾದರಿಗಳಲ್ಲಿ ಅವರಿಗೆ ಪ್ಯಾರಾಬೆನ್ ಕಂಡಿತ್ತು. ಆದರೆ ಆರೋಗ್ಯವಂತ ಅಂಗಾಂಶದೊಡನೆ ಹೋಲಿಕೆ ಅದರಲ್ಲಿರಲಿಲ್ಲ. ಕ್ಯಾನ್ಸರಿಗೆ ಅದೇ ಕಾರಣವೆಂದು ಅದು ಸಿದ್ಧಪಡಿಸಲೂ ಇಲ್ಲ.

ಬದಲಿಯಾಗಿ ಬಂದುದರ ಕತೆ ಬೇರೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಮೀಥೈಲ್‌ಐಸೊಥಯಾಜೊಲಿನೋನನ್ನು 2013ರ 'ವರ್ಷದ ಅಲರ್ಜಿಕಾರಕ'ವೆಂದು ಹೆಸರಿಸಿತು. ಹಚ್ಚಿ ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಯುರೋಪ್ 2017ರಿಂದ ಅದನ್ನು ನಿಷೇಧಿಸಿತು. 2019ರಲ್ಲಿ ಅದೇ ಅಮೆರಿಕದ ಸಂಘ ಪ್ಯಾರಾಬೆನ್‌ಗಳನ್ನು 'ವರ್ಷದ ಅಲರ್ಜಿಕಾರಕವಲ್ಲದ್ದು' ಎಂದು ಕರೆಯಿತು!

ಪ್ಯಾರಾಬೆನ್‌ಗಳೆಲ್ಲ ನಿರ್ದೋಷಿಗಳೆಂದು ನಾನು ವಾದಿಸುತ್ತಿಲ್ಲ. ಅವು ಈಸ್ಟ್ರೋಜೆನ್ ಹಾರ್ಮೋನಿನಂತೆ ದುರ್ಬಲವಾಗಿ ವರ್ತಿಸಬಲ್ಲವು. 2014ರಲ್ಲಿ ಯುರೋಪ್ ಐದು ಬಗೆಯವನ್ನು ನಿಷೇಧಿಸಿ, ಪ್ರೊಪೈಲ್ ಮತ್ತು ಬ್ಯುಟೈಲ್ ಬಗೆಗಳ ಮಿತಿಯನ್ನು ತಗ್ಗಿಸಿತು. ಮೂರು ವರ್ಷದೊಳಗಿನ ಮಕ್ಕಳ ಡಯಾಪರ್ ಭಾಗಕ್ಕೆ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಆ ಎರಡೂ ಕೂಡದೆಂದಿತು. ಹೀಗೆ ಅಳೆದು ಮಿತಿ ಹಾಕುವುದು ವಿವೇಕ. ನಾನು ಮಾಡಿದ್ದು ಬರಿಯ ಗಾಬರಿ.

'ರಹಿತ' ಎಂಬ ಪದ ಏನಿಲ್ಲವೆಂದು ಹೇಳುತ್ತದೆ, ಏನಿದೆಯೆಂದು ಹೇಳುವುದಿಲ್ಲ. ಅದು ತಿಳಿಯುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಚರ್ಮದಲ್ಲಿ ತೊಂದರೆ ಕಂಡರೆ ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿರಿ.

ಅಕ್ಕ ಹಳೆಯ ಕ್ರೀಮಿಗೇ ಮರಳಿದ್ದಾಳೆ. ಈಗ ನಾನು ಏನು ತಂದರೂ ಮೊದಲು ಹಿಂಬದಿಯನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಾಳೆ.